ಕುರಿ ನೋಡಿ ತೀರ್ಪು ಹೇಳುವುದು: ಒಂಬತ್ತನೇ ತರಗತಿಯಲ್ಲಿ ಮೂರು ಅವಧಿಯ ಪಾಠ ಮತ್ತು ನಾನು ತಿದ್ದಿಕೊಂಡದ್ದು

ಪೀಠಿಕೆ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬೈಲಕುಪ್ಪೆ ಸಮೀಪದ ಒಂದು ಪ್ರೌಢಶಾಲೆ. ವಿಷಯ ವಿಜ್ಞಾನ, ತರಗತಿ ಒಂಬತ್ತು. ಹಂಚಿಕೆಯಾದ ಘಟಕ ‘ಆಹಾರ ಸಂಪನ್ಮೂಲಗಳ ಸುಧಾರಣೆ’. ಪಠ್ಯದ ಪಶುಸಂಗೋಪನೆ ಭಾಗದಲ್ಲಿ ದನ, ಕೋಳಿ, ಮೀನು, ಜೇನು ಇವೆ. ಕುರಿ–ಮೇಕೆಗೆ ಪ್ರತ್ಯೇಕ ಭಾಗವಿಲ್ಲ. ಆದರೆ ನನ್ನ ತರಗತಿಯ ಮಕ್ಕಳು ಬರುವ ಊರುಗಳಲ್ಲಿ ಹೊಗೆಸೊಪ್ಪು ಬೆಳೆಯುವ ಮನೆಗಳ ಹಿತ್ತಿಲಲ್ಲಿ ನಾಲ್ಕಾರು ಕುರಿ ಇದ್ದೇ ಇರುತ್ತವೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳ ಹೋಟೆಲುಗಳು, ಸ್ವರ್ಣ ದೇವಾಲಯ ನೋಡಲು ಬರುವ ಪ್ರವಾಸಿಗರು, ಕಾವೇರಿ ದಾಟಿದರೆ ಸಿಗುವ ಕುಶಾಲನಗರದ ಸಂತೆ ಎಲ್ಲವೂ ಸೇರಿ ಈ ಸೀಮೆಯಲ್ಲಿ ಮಾಂಸದ ವ್ಯಾಪಾರ ಜೋರಾಗಿಯೇ ಇದೆ. ಮಕ್ಕಳಿಗೆ ಇಷ್ಟು ಹತ್ತಿರದ ವಿಷಯವನ್ನು ಪಠ್ಯದಲ್ಲಿಲ್ಲ ಎಂದು ಬಿಡಲು ಮನಸ್ಸಾಗಲಿಲ್ಲ.

ಇದೇ ಸಮಯದಲ್ಲಿ ವಿದ್ಯಾರ್ಥಿಗಳ ಮಾಂಸ ತೀರ್ಪು ಸ್ಪರ್ಧೆಗಳ ಬಗ್ಗೆ ಓದಿದೆ. ಅಮೆರಿಕದ ಕೃಷಿ ಕಾಲೇಜುಗಳ ನಡುವೆ ಇಂಥ ಮೊದಲ ಸ್ಪರ್ಧೆ 1926ರಲ್ಲಿ ಷಿಕಾಗೋದ ಜಾನುವಾರು ಪ್ರದರ್ಶನದಲ್ಲಿ ನಡೆಯಿತು. ಆಸ್ಟ್ರೇಲಿಯಾದಲ್ಲಿ 1990ರಿಂದ ನಡೆಯುತ್ತಿದೆ. ವಿದ್ಯಾರ್ಥಿ ಬಿಳಿ ಕೋಟು ತೊಟ್ಟು, ತಂಪು ಕೋಣೆಯಲ್ಲಿ ತೂಗುಹಾಕಿದ ನಾಲ್ಕು ಮಾಂಸದೊಡಲುಗಳನ್ನು ನೋಡಿ ಉತ್ತಮದಿಂದ ಕಡಿಮೆಯವರೆಗೆ ಕ್ರಮ ಹಾಕಬೇಕು. ಆಮೇಲೆ ಆ ಕ್ರಮಕ್ಕೆ ಕಾರಣ ಬರೆಯಬೇಕು. ಮಾಂಸ ಉದ್ಯಮದ ಕಂಪನಿಗಳು ಅಲ್ಲಿಗೇ ಬಂದು ವಿದ್ಯಾರ್ಥಿಗಳನ್ನು ಮಾತನಾಡಿಸುತ್ತವೆ. ಗುಣಮಟ್ಟ ಪರೀಕ್ಷಕರು, ಸಂಶೋಧಕರು, ಖರೀದಿ ಅಧಿಕಾರಿಗಳು ಆದ ಎಷ್ಟೋ ಜನ ಈ ಸ್ಪರ್ಧೆಯ ಮೂಲಕವೇ ಆ ಕ್ಷೇತ್ರಕ್ಕೆ ಹೋದವರು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಂಸಕ್ಕಿಂತ ಹೆಚ್ಚಾಗಿ ವಿಧಾನ. ನೋಡು, ಹೋಲಿಸು, ಕ್ರಮ ಹಾಕು, ಕಾರಣ ಹೇಳು. ವಿಜ್ಞಾನ ಬೋಧನೆಯ ಗುರಿಯೂ ಇದೇ ಅಲ್ಲವೇ? ಆದ್ದರಿಂದ ಈ ವಿಧಾನವನ್ನು ನಮ್ಮ ಶಾಲೆಗೆ ಹೊಂದುವಂತೆ ಜೀವಂತ ಕುರಿಗಳ ಮೇಲೆ ಮಾಡಿಸಲು ಮೂರು ಅವಧಿಯ ಪಾಠ ಯೋಜಿಸಿದೆ.

ಉದ್ದೇಶಗಳು

1. ಒಂದೇ ಬಗೆಯ ನಾಲ್ಕು ವಸ್ತುಗಳನ್ನು ಹೋಲಿಸಿ ಕ್ರಮ ಹಾಕುವುದು, ಪ್ರತಿ ಸ್ಥಾನಕ್ಕೂ ಕಾರಣ ಬರೆಯುವುದು.
2. ಕುರಿಯ ದೇಹಸ್ಥಿತಿಗೂ ಮಾಂಸದ ಇಳುವರಿ, ಗುಣಕ್ಕೂ ಇರುವ ಸಂಬಂಧ ತಿಳಿಯುವುದು.
3. ಪಶುಸಂಗೋಪನೆ ಮತ್ತು ಆಹಾರ ವಿಜ್ಞಾನದ ವೃತ್ತಿಗಳಿಗೆ ಇರುವ ಶಿಕ್ಷಣದ ದಾರಿಗಳನ್ನು ಪರಿಚಯಿಸಿಕೊಳ್ಳುವುದು.

ಪೂರ್ವಸಿದ್ಧತೆ

ಮುಖ್ಯೋಪಾಧ್ಯಾಯರಿಗೆ ಪಾಠಯೋಜನೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಮಾಂಸ ತಿನ್ನದ ಮನೆಯ ಮಕ್ಕಳೂ ಇದ್ದಾರಲ್ಲಮ್ಮಾ?” ಎಂದು. ನ್ಯಾಯವಾದ ಪ್ರಶ್ನೆ. ತರಗತಿಗೆ ಮಾಂಸ ತರುವುದಿಲ್ಲ, ಯಾವ ಪ್ರಾಣಿಗೂ ನೋವಾಗುವುದಿಲ್ಲ, ತಿನ್ನುವುದರ ಬಗ್ಗೆ ಚರ್ಚೆಯಿಲ್ಲ, ಬೇಡವೆನ್ನುವ ಮಕ್ಕಳಿಗೆ ಅದೇ ವಿಧಾನದಲ್ಲಿ ತರಕಾರಿ ತೀರ್ಪಿನ ಕೆಲಸ ಕೊಡುತ್ತೇನೆ ಎಂದು ಬರೆದುಕೊಟ್ಟೆ. ಪೋಷಕರಿಗೂ ಚೀಟಿ ಕಳುಹಿಸಿದೆವು. ಯಾರೂ ಬೇಡವೆನ್ನಲಿಲ್ಲ. ಶಾಲೆಯ ಪಕ್ಕದ ರೈತರೊಬ್ಬರು ತಮ್ಮ ಮಂದೆಯಿಂದ ನಾಲ್ಕು ಕುರಿಗಳನ್ನು ಶನಿವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಬಿಡಲು ಒಪ್ಪಿದರು. ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರು ಬಿಡುವಾದರೆ ಬರುತ್ತೇನೆ ಎಂದರು.

ಮೊದಲ ಅವಧಿ: ನಾಲ್ಕು ಬದನೆಕಾಯಿ

ತೊಡಗಿಸಿಕೊಳ್ಳುವ ಹಂತದಲ್ಲಿ ಕುರಿಯ ಮಾತೆತ್ತಲಿಲ್ಲ. “ನಿಮ್ಮ ಮನೆಯಲ್ಲಿ ಬೇಯಿಸಿದ ಸೊಪ್ಪನ್ನು ಹೇಗೆ ವಿಂಗಡಿಸುತ್ತಾರೆ?” ಎಂದು ಕೇಳಿದೆ. ಅಷ್ಟೇ ಸಾಕಾಯಿತು. ಬ್ರೈಟ್, ಮೀಡಿಯಂ, ಲೋ ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು. ಬಣ್ಣ ನೋಡುತ್ತಾರೆ, ಎಲೆ ಮುಟ್ಟಿ ನೋಡುತ್ತಾರೆ, ಚುಕ್ಕೆ ನೋಡುತ್ತಾರೆ ಎಂದು ಒಬ್ಬೊಬ್ಬರೂ ಸೇರಿಸಿದರು. ಕಂಪಲಾಪುರದ ಹರಾಜು ಮಾರುಕಟ್ಟೆಗೆ ಅಪ್ಪನ ಜೊತೆ ಹೋದವನೊಬ್ಬ, ಒಂದೇ ಹೊಲದ ಎರಡು ಬೇಲಿಗೆ ಬೇರೆ ಬೇರೆ ಬೆಲೆ ಬಂದದ್ದನ್ನು ಹೇಳಿದ. ನಾನೂ ಹುಣಸೂರು ಕಡೆಯ ಹೊಗೆಸೊಪ್ಪಿನ ಮನೆಯವಳೇ. ಗ್ರೇಡ್ ಎನ್ನುವ ಪದ ಈ ಮಕ್ಕಳಿಗೆ ಶಾಲೆಗಿಂತ ಮೊದಲೇ ಗೊತ್ತು. ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಎತ್ತಿನ ಜೋಡಿ ನೋಡಿ ಬೆಲೆ ಕಟ್ಟುವ ಹಿರಿಯರನ್ನೂ ಅವರು ಕಂಡಿದ್ದಾರೆ. ಅವರ ಪೂರ್ವಜ್ಞಾನ ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು.

ನಂತರ ಮೇಜಿನ ಮೇಲೆ ನಾಲ್ಕು ಬದನೆಕಾಯಿ ಇಟ್ಟು 1ರಿಂದ 4ರವರೆಗೆ ಸಂಖ್ಯೆ ಕೊಟ್ಟೆ. ಸಾರಿಗೆ ಯಾವುದು ಉತ್ತಮ, ಕ್ರಮ ಹಾಕಿ ಎಂದೆ. ನಾಲ್ಕು ವಸ್ತುಗಳನ್ನು ಎಷ್ಟು ರೀತಿಯಲ್ಲಿ ಕ್ರಮ ಹಾಕಬಹುದು ಎಂಬ ಪ್ರಶ್ನೆಗೆ ಕಪ್ಪುಹಲಗೆಯ ಮೇಲೆ ಕವಲು ಚಿತ್ರ ಬರೆದು ಮಕ್ಕಳೇ 4×3×2×1, ಅಂದರೆ 24 ಎಂದು ಕಂಡುಕೊಂಡರು.

ಅಂಕ ಕೊಡುವ ವಿಧಾನವನ್ನು ಸ್ಪರ್ಧೆಗಳಿಂದಲೇ ತೆಗೆದುಕೊಂಡೆ. ಪೂರ್ಣ ಅಂಕ 50. ತೀರ್ಪುಗಾರರ ಸರಿ ಕ್ರಮದಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ, ಎರಡನೆಯದಕ್ಕೂ ಮೂರನೆಯದಕ್ಕೂ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರಕ್ಕೆ ಒಂದೊಂದು ಸಂಖ್ಯೆ ಇರುತ್ತದೆ. ವ್ಯತ್ಯಾಸ ಎದ್ದು ಕಂಡರೆ ಸಂಖ್ಯೆ ದೊಡ್ಡದು, ಸೂಕ್ಷ್ಮವಾಗಿದ್ದರೆ ಚಿಕ್ಕದು. ವಿದ್ಯಾರ್ಥಿ ಯಾವುದೇ ಎರಡನ್ನು ತಿರುವುಮುರುವು ಮಾಡಿದರೆ ಅವೆರಡರ ನಡುವಿನ ಅಂತರ ಕಳೆಯಬೇಕು. ಬದನೆಕಾಯಿಗೆ ನಾವು 3, 4, 2 ಎಂದು ಅಂತರ ಇಟ್ಟುಕೊಂಡೆವು. ಪೂರ್ತಿ ತಲೆಕೆಳಗು ಕ್ರಮ ಬರೆದವನು 3, 4, 2, 7, 6, 9 ಸೇರಿ 31 ಕಳೆದುಕೊಂಡು 19 ಪಡೆದ. ಕಷ್ಟದ ಜೋಡಿಯಲ್ಲಿ ತಪ್ಪಿದರೆ ಕಡಿಮೆ ದಂಡ, ಸುಲಭದ ಜೋಡಿಯಲ್ಲಿ ತಪ್ಪಿದರೆ ಹೆಚ್ಚು ದಂಡ ಎನ್ನುವುದು ಮಕ್ಕಳಿಗೆ ಬಹಳ ಇಷ್ಟವಾಯಿತು. “ಪರೀಕ್ಷೆಯಲ್ಲೂ ಹೀಗೇ ಕೊಡಿ ಮಿಸ್” ಎಂದರು.

ಕ್ರಮಕ್ಕೆ 50 ಅಂಕವಾದ ಮೇಲೆ ಕಾರಣಕ್ಕೆ ಬೇರೆಯಾಗಿ 20 ಅಂಕ ಇಟ್ಟಿದ್ದೆ. ‘ಚೆನ್ನಾಗಿದೆ’ ಎನ್ನುವ ಪದಕ್ಕೆ ಅಂಕವಿಲ್ಲ. ಏನು ನೋಡಿ ಚೆನ್ನಾಗಿದೆ ಎಂದು ಹೇಳಬೇಕು ಎಂಬ ನಿಯಮ ಹಲಗೆಯ ಮೇಲೆ ಬರೆದೆ.

ಎರಡನೇ ಅವಧಿ: ಕೊಟ್ಟಿಗೆಯಲ್ಲಿ

ಶನಿವಾರ ನಾಲ್ಕು ಕುರಿಗಳ ಕುತ್ತಿಗೆಗೆ ಸಂಖ್ಯೆಯ ರಟ್ಟು ಕಟ್ಟಿ ನೆರಳಿನಲ್ಲಿ ನಿಲ್ಲಿಸಿದೆವು. ಮಕ್ಕಳು ಐದೈದು ಜನರ ಗುಂಪಾಗಿ ಹೋದರು. ಮೊದಲು ದೂರದಿಂದ, ಆಮೇಲೆ ಹಿಂದಿನಿಂದ, ಕೊನೆಗೆ ಕೈಯಿಂದ ನೋಡಬೇಕು. ಹಿಂದಿನಿಂದ ಏಕೆ ನೋಡಬೇಕು ಎನ್ನುವುದಕ್ಕೆ ಬಂಡೂರು ಕುರಿಯ ಉದಾಹರಣೆ ಕೊಟ್ಟೆ. ಮಂಡ್ಯ ಜಿಲ್ಲೆಯ ಮಳವಳ್ಳಿ ಸೀಮೆಯ ಈ ಗಿಡ್ಡ, ಗಟ್ಟಿ ತಳಿಯನ್ನು ಹಿಂದಿನಿಂದ ನೋಡಿದರೆ ತೊಡೆಗಳ ನಡುವಿನ ಆಕಾರ ತಲೆಕೆಳಗಾದ ಕುದುರೆ ಲಾಳದಂತೆ ಕಾಣುತ್ತದೆ. ತೊಡೆ ತುಂಬಿದೆ ಎನ್ನಲು ಅದು ಗುರುತು. ಮೆದು ಮಾಂಸಕ್ಕೆ ಆ ತಳಿ ಹೆಸರಾಗಿದೆ.

ಕೈಯಿಂದ ನೋಡುವುದೆಂದರೆ ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನುಮೂಳೆಯ ಮೇಲೆ, ಪಕ್ಕದಲ್ಲಿ ಬೆರಳಿಟ್ಟು ಒತ್ತುವುದು. ಮೂಳೆ ಚೂಪಾಗಿ ಸಿಕ್ಕರೆ ದೇಹಸ್ಥಿತಿ 1. ಮೂಳೆಯೇ ಸಿಗದಷ್ಟು ಕೊಬ್ಬಿದ್ದರೆ 5. ನಡುವಿನದು 3. ಕುರಿ ಸಾಕುವವರು ಲೋಕದೆಲ್ಲೆಡೆ ಬಳಸುವ ಅಳತೆ ಇದು.

ಇಲ್ಲಿಯೇ ನನ್ನ ತಪ್ಪು ನಡೆದದ್ದು. ವೈದ್ಯರು ತಡವಾಗಿ ಬರುವುದಾಗಿ ಹೇಳಿದ್ದರಿಂದ ಸರಿ ಉತ್ತರವನ್ನು ಹಿಂದಿನ ಸಂಜೆ ನಾನೇ ತಯಾರಿಸಿದ್ದೆ: 2–3–1–4. ಎರಡನೇ ಕುರಿ ನೋಡಲು ಎಲ್ಲಕ್ಕಿಂತ ದೊಡ್ಡದು, ಹೊಟ್ಟೆ ತುಂಬಿದ್ದು. ಅಂತರಗಳನ್ನು 5, 2, 4 ಎಂದು ಇಟ್ಟಿದ್ದೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿಯ ಬಗ್ಗೆ ಇಲ್ಲಿ ಹೇಳಬೇಕು. ಎರಡು ವಾರದಲ್ಲಿ ನನ್ನ ಯಾವ ಪ್ರಶ್ನೆಗೂ ಆಕೆ ಕೈ ಎತ್ತಿರಲಿಲ್ಲ. ಪರಿಚಯದ ಹಾಳೆಯಲ್ಲಿ ತಂದೆಯ ಉದ್ಯೋಗದ ಮುಂದೆ ‘ವ್ಯಾಪಾರ’ ಎಂದಷ್ಟೇ ಬರೆದಿದ್ದಳು. ಕೊಟ್ಟಿಗೆಯಲ್ಲಿ ಬೇರೆ ಮಕ್ಕಳು ಕುರಿ ಮುಟ್ಟಲು ಹಿಂದೆ ಮುಂದೆ ನೋಡುತ್ತಿದ್ದಾಗ ಆಕೆ ನೇರವಾಗಿ ಹೋಗಿ, ಒಂದು ಕೈಯಿಂದ ಕುರಿಯ ಗದ್ದ ಹಿಡಿದು, ಇನ್ನೊಂದು ಕೈಯಲ್ಲಿ ಸೊಂಟ, ಬಾಲದ ಬುಡ ಒತ್ತಿ ನೋಡಿ ಅರ್ಧ ನಿಮಿಷದಲ್ಲಿ ಮುಂದಿನದಕ್ಕೆ ಹೋದಳು. ಕುರಿಗಳೂ ಅವಳ ಕೈಗೆ ಗಾಬರಿಯಾಗಲಿಲ್ಲ. ಬರೆದ ಕ್ರಮ 1–3–2–4. ಕಾರಣದ ಕಾಲಂನಲ್ಲಿ ಒಂದೇ ಸಾಲು: “ಕೈಗೆ ಗೊತ್ತಾಗುತ್ತೆ.”

ನನ್ನ ಉತ್ತರದ ಪ್ರಕಾರ ಲೆಕ್ಕ ಹಾಕಿದೆ. ಮೂರು ಜೋಡಿ ತಿರುವುಮುರುವು. 5, 7, 2 ಸೇರಿ 14 ಕಳೆದು 36. ಕಾರಣಕ್ಕೆ ಸೊನ್ನೆ. ಹಾಳೆ ಕೊಡುವಾಗ ಎಲ್ಲರೆದುರು, “ಇದು ಕಾರಣ ಅಲ್ಲ, ವಿಜ್ಞಾನದಲ್ಲಿ ಹೀಗೆ ಬರೆಯಬಾರದು” ಎಂದೆ. ಯಾರೋ ನಕ್ಕರು. ಆಕೆ ಹಾಳೆಯನ್ನು ಮಡಚಿ ಪುಸ್ತಕದಲ್ಲಿಟ್ಟುಕೊಂಡಳು.

ಸ್ವಲ್ಪ ಹೊತ್ತಿಗೆ ವೈದ್ಯರು ಬಂದರು. ನಾಲ್ಕನ್ನೂ ಮುಟ್ಟಿ ನೋಡಿ 3–1–2–4 ಎಂದರು. ಅಂತರ 2, 5, 3. “ಎರಡನೆಯದು ದೊಡ್ಡದಾಗಿ ಕಾಣುತ್ತೆ ಅಷ್ಟೆ. ಈಗ ತಾನೇ ಮೇದು ನೀರು ಕುಡಿದಿದೆ. ಉಣ್ಣೆ ಬೇರೆ ದಟ್ಟ. ಬೆನ್ನಿಗೆ ಬೆರಳಿಡಿ, ಮೂಳೆ ಸಿಗುತ್ತೆ” ಎಂದು ನನ್ನ ಕೈಯನ್ನೇ ಅಲ್ಲಿರಿಸಿದರು. ಮೂಳೆ ಸಿಕ್ಕಿತು. ಮೂರಕ್ಕೂ ಒಂದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಅದನ್ನು ತಿರುಗಿಸಿ ಬರೆದವರೂ ಕುರಿ ಬಲ್ಲವರೇ ಎಂದರು.

ಅಂದರೆ ಹುಡುಗಿಗೆ 48. ನನ್ನ ಕ್ರಮಕ್ಕೆ ಅದೇ ಲೆಕ್ಕ ಹಾಕಿದರೆ 7 ಮತ್ತು 5 ಸೇರಿ 12 ಕಳೆದು 38. ಆ ಎರಡೂ ಲೆಕ್ಕವನ್ನು ಅಲ್ಲೇ ಒಂದು ರಟ್ಟಿನ ಮೇಲೆ ಬರೆದು ತೋರಿಸಿದೆ. “ಮಿಸ್‌ಗೆ 38” ಎಂದು ತರಗತಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನನಗೆ ಸಲ್ಲಬೇಕಾದ್ದೇ. ಆದರೆ ಹುಡುಗಿಗೆ ಎಲ್ಲರೆದುರು ಹೇಳಿದ್ದ ಮಾತು ಅಂಕ ತಿದ್ದಿದರೆ ಅಳಿಸುವಂಥದ್ದಲ್ಲ. ಹಿಂತಿರುಗುವಾಗ ದಾರಿಯಲ್ಲಿ ಆಕೆಯ ಪಕ್ಕ ನಡೆದು, ನಾನು ದುಡುಕಿದೆ ಎಂದೆ. ಆಕೆ ತಲೆಯಾಡಿಸಿದಳು. ತಂದೆಗೆ ಮಟನ್ ಅಂಗಡಿ ಇದೆ, ಭಾನುವಾರ ಸಂತೆಗೆ ಕುರಿ ಕೊಳ್ಳಲು ತಾನೂ ಹೋಗುತ್ತೇನೆ ಎಂದು ಆಗ ಹೇಳಿದಳು.

ಮೂರನೇ ಅವಧಿ: ಕೈಗೆ ಗೊತ್ತಿದ್ದುದಕ್ಕೆ ಪದ

ಮೂರನೇ ಅವಧಿಯನ್ನು ಮೊದಲು ವೃತ್ತಿ ಮಾಹಿತಿಗೆ ಮಾತ್ರ ಇಟ್ಟಿದ್ದೆ. ಭಾನುವಾರ ಕುಳಿತು ಅದನ್ನು ಬದಲಾಯಿಸಿದೆ. ‘ಕೈಗೆ ಗೊತ್ತಾಗುತ್ತೆ’ ಎನ್ನುವುದು ತಪ್ಪು ಉತ್ತರವಲ್ಲ, ಅರ್ಧ ಉತ್ತರ. ಉಳಿದರ್ಧಕ್ಕೆ ಪದ ಕೊಡುವುದು ನನ್ನ ಕೆಲಸವಾಗಿತ್ತು.

ಮೊದಲು ಲೆಕ್ಕ. 24 ಕಿಲೋ ತೂಕದ ಕುರಿಯಲ್ಲಿ ಚರ್ಮ, ತಲೆ, ಕಾಲು, ಒಳಾಂಗ ತೆಗೆದು 10.8 ಕಿಲೋ ಮಾಂಸದೊಡಲು ಸಿಕ್ಕರೆ ಇಳುವರಿ ಶೇ 45. ಅದೇ ಕುರಿ ತೂಗುವ ಮುನ್ನ 2 ಕಿಲೋ ಮೇವು, ನೀರು ತುಂಬಿಕೊಂಡಿದ್ದರೆ ತಕ್ಕಡಿಯಲ್ಲಿ 26 ಕಿಲೋ. ಮಾಂಸ ಮಾತ್ರ ಅಷ್ಟೇ. ಇಳುವರಿ ಸುಮಾರು ಶೇ 41.5ಕ್ಕೆ ಇಳಿಯುತ್ತದೆ. ನಾನು ಎರಡನೇ ಕುರಿಯಲ್ಲಿ ಮೋಸಹೋದದ್ದು ಇಲ್ಲಿಯೇ ಎಂದು ಹೇಳಿದೆ.

ಆಮೇಲೆ ರಸಾಯನಶಾಸ್ತ್ರ. ಹಾಲು ಮೊಸರಾಗುವಾಗ ಉಂಟಾಗುವ ಲ್ಯಾಕ್ಟಿಕ್ ಆಮ್ಲ ಮಕ್ಕಳಿಗೆ ಗೊತ್ತು. ಪ್ರಾಣಿ ಸತ್ತ ಮೇಲೆ ಸ್ನಾಯುವಿನಲ್ಲಿ ಉಳಿದ ಗ್ಲೈಕೋಜನ್ ಆಮ್ಲಜನಕವಿಲ್ಲದೆ ವಿಭಜನೆಯಾಗಿ ಅದೇ ಆಮ್ಲವಾಗುತ್ತದೆ. ಜೀವಂತ ಸ್ನಾಯುವಿನ ಪಿಎಚ್ ಸುಮಾರು 7. ಆಮ್ಲ ಸೇರಿ ಅದು 5.5ರ ಆಸುಪಾಸಿಗೆ ಇಳಿಯಬೇಕು. ಹಾಗಾದರೆ ಬಣ್ಣ ಒಳ್ಳೆಯದಿರುತ್ತದೆ, ಬ್ಯಾಕ್ಟೀರಿಯಾ ಬೆಳವಣಿಗೆ ನಿಧಾನವಾಗುತ್ತದೆ. ಪ್ರಾಣಿಯನ್ನು ಓಡಿಸಿ, ಹೆದರಿಸಿ, ದಣಿಸಿ ತಂದರೆ ಗ್ಲೈಕೋಜನ್ ಮೊದಲೇ ಖರ್ಚಾಗಿರುತ್ತದೆ. ಆಮ್ಲ ಸಾಲದೆ ಪಿಎಚ್ 6ಕ್ಕಿಂತ ಮೇಲೆಯೇ ಉಳಿಯುತ್ತದೆ. ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗ ಕೆಡುತ್ತದೆ.

ಆಗ ಆ ಹುಡುಗಿ ಕೈ ಎತ್ತಿದಳು. “ನಮ್ಮಪ್ಪ ಕುರೀನ ಹಿಂದಿನ ದಿನವೇ ತಂದು ಕಟ್ತಾರೆ ಮಿಸ್. ನೀರು ಕೊಟ್ಟು ಸುಮ್ಮನೆ ಬಿಡ್ತಾರೆ. ದೂರದಿಂದ ನಡೆಸಿಕೊಂಡು ಬಂದದ್ದನ್ನ ಅವತ್ತೇ ಮುಟ್ಟಬಾರದು ಅಂತಾರೆ.” ನಾನು ಹಲಗೆಯ ಒಂದು ಬದಿಗೆ ಅವಳ ತಂದೆಯ ಮಾತು, ಇನ್ನೊಂದು ಬದಿಗೆ ಗ್ಲೈಕೋಜನ್, ಲ್ಯಾಕ್ಟಿಕ್ ಆಮ್ಲ, ಪಿಎಚ್ ಎಂದು ಬರೆದು ನಡುವೆ ಸಮಚಿಹ್ನೆ ಹಾಕಿದೆ. ಪಾಠದ ಉಳಿದ ವಿವರಣೆಗಿಂತ ಆ ಒಂದು ಗೆರೆ ಮಕ್ಕಳ ನೆನಪಿನಲ್ಲಿ ಹೆಚ್ಚು ಉಳಿದದ್ದು ಮೌಲ್ಯಮಾಪನದಲ್ಲಿ ಗೊತ್ತಾಯಿತು.

ವೃತ್ತಿಗಳ ಭಾಗವನ್ನು ಹೀಗೆ ಹೇಳಿದೆ. ಎಸ್ಸೆಸ್ಸೆಲ್ಸಿ ನಂತರ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡು ವರ್ಷದ ಪಶುಸಂಗೋಪನಾ ಡಿಪ್ಲೊಮಾ ಇದೆ. ತಿಪಟೂರು ಬಳಿಯ ಕೊನೇಹಳ್ಳಿಯಲ್ಲಿ ಇಂಥದ್ದೊಂದು ಪಾಲಿಟೆಕ್ನಿಕ್ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದರೆ ಐದೂವರೆ ವರ್ಷದ ಪಶುವೈದ್ಯ ಪದವಿ. ನಮಗೆ ಹತ್ತಿರದ ಕಾಲೇಜು ಹಾಸನದಲ್ಲಿದೆ. ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕುವವರಿಗೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ನೋಡಿ ಗುರುತಿಸುವ ಶಕ್ತಿಗೆ ಅಲ್ಲಿ ಬೆಲೆ ಇದೆ. ಮಾಂಸವನ್ನು ಪರೀಕ್ಷಿಸುವುದು ಪಶುವೈದ್ಯರ ಓದಿನ ಒಂದು ಭಾಗವೇ. ವಿಜ್ಞಾನ ಪದವಿಯ ನಂತರ ಆಹಾರ ತಂತ್ರಜ್ಞಾನ ಓದಬಯಸುವವರಿಗೆ ಮೈಸೂರಿನಲ್ಲೇ 1950ರಿಂದ ಇರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. ಅಲ್ಲಿ ಮಾಂಸ ಮತ್ತು ಮೀನಿನ ಮೇಲೆ ಸಂಶೋಧನೆ ನಡೆಯುತ್ತದೆ. ಸೈನಿಕರ ಸಿದ್ಧ ಆಹಾರ ರೂಪಿಸುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಮೈಸೂರಿನದೇ. ಮಾಂಸಕ್ಕೇ ಮೀಸಲಾದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಹೈದರಾಬಾದಿನಲ್ಲಿದೆ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ ಇಂಥ ಸಂಸ್ಥೆಗಳಿವೆ ಎನ್ನುವುದು ತರಗತಿಯಲ್ಲಿ ಹೆಚ್ಚಿನವರಿಗೆ ಹೊಸ ಸುದ್ದಿ.

ಮೌಲ್ಯಮಾಪನ

ಕೊನೆಗೆ ಶನಿವಾರದ ನಾಲ್ಕು ಕುರಿಗಳಿಗೆ ಮತ್ತೆ ಕಾರಣ ಬರೆಯಲು ಹೇಳಿದೆ. ಮೊದಲ ಸಲ ‘ದಪ್ಪ’, ‘ಚೆಂದ’ ಎಂದು ಬರೆದ ಹೆಚ್ಚಿನ ಮಕ್ಕಳು ಈ ಸಲ ಬೆನ್ನು, ತೊಡೆ, ಹೊಟ್ಟೆಯ ಮೇವು ಎಂದು ಹೆಸರಿಸಿ ಬರೆದರು. ಅತ್ಯುತ್ತಮ ಕಾರಣ ಬರೆದವಳು ಮಾಂಸ ತಿನ್ನದ ಮನೆಯ ಹುಡುಗಿ, 20ಕ್ಕೆ 18. ನೋಡಿ ತೀರ್ಪು ಹೇಳಲು ತಿನ್ನಬೇಕಾಗಿಲ್ಲ ಎನ್ನುವುದಕ್ಕೆ ಮುಖ್ಯೋಪಾಧ್ಯಾಯರಿಗೆ ಆ ಹಾಳೆಯನ್ನೇ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿ ಬರೆದದ್ದು: “1 ಮತ್ತು 3 ಎರಡರಲ್ಲೂ ಬೆನ್ನುಮೂಳೆ ಒತ್ತಿದರೆ ಮಾತ್ರ ಸಿಗುತ್ತದೆ. 3ರ ತೊಡೆ ಒಳಗಡೆಯೂ ತುಂಬಿದೆ, ಆದ್ದರಿಂದ ಅದು ಮೊದಲು. 2ರ ಹೊಟ್ಟೆ ದೊಡ್ಡದು, ಸೊಂಟ ಖಾಲಿ.” 16 ಕೊಟ್ಟೆ.

ಪ್ರತಿಫಲನ

ಪಾಠ ವೀಕ್ಷಿಸಿದ ನಮ್ಮ ಮೇಲ್ವಿಚಾರಕ ಉಪನ್ಯಾಸಕಿ ಒಂದು ಗಟ್ಟಿ ಪ್ರಶ್ನೆ ಬರೆದರು: “ಮಟನ್ ಅಂಗಡಿಯವರ ಮಗಳಿಗೆ ಮಾಂಸದ ಕೆಲಸವನ್ನೇ ತೋರಿಸಿದಂತಾಗಲಿಲ್ಲವೇ? ಶಿಕ್ಷಣ ಆಕೆಯನ್ನು ಅಲ್ಲಿಂದ ಹೊರಗೆ ತರಬೇಕಲ್ಲವೇ?” ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ವೃತ್ತಿ ಮಾಹಿತಿಯನ್ನು ಒಬ್ಬಳಿಗೆ ಹೇಳಿದ್ದರೆ ಈ ಆಕ್ಷೇಪ ಪೂರ್ತಿ ನಿಜವಾಗುತ್ತಿತ್ತು. ನಾನು ಹೇಳಿದ್ದು ಇಡೀ ತರಗತಿಗೆ. ಆಕೆ ವೈದ್ಯೆಯೋ, ಶಿಕ್ಷಕಿಯೋ, ಪೊಲೀಸೋ ಏನೇ ಆಗಲಿ. ಆದರೆ ತಂದೆಯ ಉದ್ಯೋಗದ ಮುಂದೆ ‘ವ್ಯಾಪಾರ’ ಎಂದು ಮುಚ್ಚಿ ಬರೆಯುವ ಮಗು ಮನೆಯಲ್ಲಿ ಕಲಿತದ್ದನ್ನೆಲ್ಲ ಶಾಲೆಯ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತದೆ. ಹಾಗೆ ಬರಿಗೈಯಲ್ಲಿ ಬಂದ ಮಗು ದೂರ ಹೋಗುವುದು ಕಷ್ಟ. ಹೊಗೆಸೊಪ್ಪಿನ ಗ್ರೇಡ್ ಹೇಳುವಾಗ ತರಗತಿಯೆಲ್ಲ ಒಟ್ಟಿಗೆ ಕೂಗಿತು, ಯಾರಿಗೂ ಸಂಕೋಚವಿರಲಿಲ್ಲ. ಕುರಿಯ ವಿಷಯದಲ್ಲೂ ಹಾಗೆಯೇ ಆಗಬೇಕು ಎನ್ನುವುದಷ್ಟೇ ನನ್ನ ಆಸೆ.

ಮುಂದೆ ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಮೂರು ಸೂಚನೆ. ಸರಿ ಉತ್ತರವನ್ನು ವಿಷಯ ಬಲ್ಲವರಿಂದ ಪಾಠಕ್ಕೆ ಮೊದಲೇ ಪಡೆಯಿರಿ. ಕಾರಣದ ಅಂಕವನ್ನು ಮೊದಲ ಸಲವೇ ಕೊಡಬೇಡಿ. ಪದಗಳನ್ನು ಕಲಿಸಿದ ಮೇಲೆ ಕೊಡಿ. ಕುರಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಲು ಸಮಯ ಇಟ್ಟುಕೊಳ್ಳಿ, ನನಗೆ ಅದಕ್ಕೇ ಹತ್ತು ನಿಮಿಷ ಹಿಡಿಯಿತು.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಪಶುವೈದ್ಯೆಯಾಗಲು ಗಣಿತವೂ ಬೇಕಾ ಎಂದು ಕೇಳಿದಳು. ಪಿಯುಸಿಯಲ್ಲಿ ಜೀವಶಾಸ್ತ್ರ ಬೇಕೇಬೇಕು, ಗಣಿತ ಹತ್ತನೇ ತರಗತಿಯವರೆಗಂತೂ ತಪ್ಪುವುದಿಲ್ಲ ಎಂದೆ. “ಶೇಕಡಾ ಲೆಕ್ಕ ಬರುತ್ತೆ ಮಿಸ್, ಅಂಗಡೀಲಿ ಮಾಡ್ತೀನಿ. ಬೀಜಗಣಿತ ಬರಲ್ಲ” ಎಂದಳು. ಅವಳ ಗಣಿತ ಶಿಕ್ಷಕರಿಗೆ ವಿಷಯ ತಿಳಿಸಿ ಬಂದಿದ್ದೇನೆ.